ಟೈಲರಕ್ಕ ಕತ್ತರಿಸಿದ ಪ್ಯಾಕಿಂಗ್

ಆ ಶೆಡ್ಡಿನ ನೆಲದ ಮೇಲೆ ನಟ್ಟನಡುವೆ ಒಂದು ಬಿಳಿ ಗೆರೆ ಇತ್ತು. ಹಿಂದಿನ ಗೋಡೆಯಿಂದ ಬಾಗಿಲವರೆಗೆ ಬಣ್ಣ ಬಳಿದು ಎಳೆದ ಗೆರೆ. ಅದರ ಬಲಕ್ಕೆ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಆಳೆತ್ತರದ ಕನ್ನಡಿ, ಹ್ಯಾಂಗರಿನಲ್ಲಿ ತೂಗುವ ಅಂಗಿಗಳು. ಎಡಕ್ಕೆ ಬಿಚ್ಚಿಟ್ಟ ಮೋಟರ್‌ಸೈಕಲ್ಲುಗಳು, ಗ್ರೀಸಿನ ಡಬ್ಬ, ಸಾಣೆ ಚಕ್ರ, ಗೋಡೆಯ ಹಲಗೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಬಲಗಡೆ ಹೆಂಡತಿಯ ರಾಜ್ಯ, ಎಡಗಡೆ ಗಂಡನದು. ಮದುವೆಯಾದ ಹೊಸತರಲ್ಲಿ ಯಾರದೋ ಹೊಸ ಬಿಳಿ ಅಂಗಿಯ ಬೆನ್ನಿನ ಮೇಲೆ ಎಣ್ಣೆಗೈಯ ಐದೂ ಬೆರಳು ಮೂಡಿದ ದಿನ ಈ ಗೆರೆ ಹುಟ್ಟಿತು. ಎಳೆದವಳು ಹೆಂಡತಿ. ಅಂದಿನಿಂದ ಬಟ್ಟೆ ಆ ಕಡೆ ಹೋಗುವ ಹಾಗಿಲ್ಲ, ಎಣ್ಣೆ ಈ ಕಡೆ ಬರುವ ಹಾಗಿಲ್ಲ. ಗಂಡನಿಗೆ ಚಹಾ ಬೇಕೆಂದರೂ ಗೆರೆಯ ಆಚೆ ನಿಂತೇ ಕೇಳಬೇಕು.

ಅವಳನ್ನು ಬೀದಿಯವರೆಲ್ಲ ಟೈಲರಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಿಗೂ ಅವಳು ಅಕ್ಕನೇ. ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ಜವಾಬು. ಆದರೆ ಹೊಲಿಗೆಗೆ ಮಾತ್ರ ಹೆಸರಿಡುವಂತಿಲ್ಲ. ಬಾಗಿಲಲ್ಲಿ ನಿಂತವರ ಹೆಗಲು ನೋಡಿದರೆ ಸಾಕು, ಟೇಪು ಹಿಡಿಯುವ ಮೊದಲೇ ಅಳತೆ ಅವಳ ಕಣ್ಣಿಗೆ ಬಿದ್ದಿರುತ್ತಿತ್ತು. "ಈಗ ಸ್ವಲ್ಪ ಸಣ್ಣ ಆಗಿದ್ದೀನಿ ಅಕ್ಕಾ" ಎಂದು ಹೊಟ್ಟೆ ಒಳಗೆಳೆದುಕೊಂಡು ನಿಂತವರಿಗೆ, "ಉಸಿರು ಬಿಡಿ ಸ್ವಾಮಿ, ಅಂಗಿ ಹಾಕ್ಕೊಂಡ ಮೇಲೆ ಉಸಿರಾಡ್ಬೇಕು ತಾನೆ?" ಎನ್ನುತ್ತಿದ್ದಳು. ಬಿಗಿಯಾಗಿರಲಿ ಎಂದು ಎಷ್ಟೇ ಗೋಗರೆದರೂ, ಒಳಗಡೆ ಅರ್ಧ ಬೆರಳು ಬಟ್ಟೆ ಹೆಚ್ಚು ಬಿಟ್ಟೇ ಹೊಲಿಯುವುದು ಅವಳ ಪದ್ಧತಿ. ಮನುಷ್ಯನೆಂದ ಮೇಲೆ ಹಿಗ್ಗುತ್ತಾನೆ, ಕುಗ್ಗುತ್ತಾನೆ, ಅದಕ್ಕೆ ಪಾಪ ಬಟ್ಟೆಯನ್ನು ಯಾಕೆ ದಂಡಿಸಬೇಕು ಎಂಬುದು ಅವಳ ವಾದ. ವರ್ಷಗಳ ಮೇಲೆ ದಪ್ಪಗಾಗಿ ಬಂದು, ನಾಚುತ್ತ ಅಂಗಿಯ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಂಡು ಹೋದವರು ಆ ಬೀದಿಯಲ್ಲಿ ಕಡಿಮೆಯಿಲ್ಲ.

ಇನ್ನು ಅವಳ ಕತ್ತರಿ. ಹೊಲಿಗೆ ಕಲಿಸಿದ ಮುದುಕಿ ಕಣ್ಣು ಮುಚ್ಚುವ ಮೊದಲು ಅವಳ ಕೈಗಿಟ್ಟು ಹೋದ ಕಪ್ಪು ಹಿಡಿಯ ದೊಡ್ಡ ಕತ್ತರಿ ಅದು. "ಬಟ್ಟೆ ಕತ್ತರಿ ಬಟ್ಟೆಗೇ ಮೀಸಲು. ಕಾಗದಕ್ಕೆ ಹಾಕಿದ್ರೆ ಅದರ ಬಾಯಿ ಸತ್ತುಹೋಗುತ್ತೆ, ನೆನಪಿಟ್ಕೋ" ಎಂದಿದ್ದಳು ಮುದುಕಿ. ನೆನಪಿಟ್ಟುಕೊಂಡದ್ದು ಅಷ್ಟಿಷ್ಟಲ್ಲ. ಮಗಳು ಸಣ್ಣವಳಿದ್ದಾಗ ಅದರಲ್ಲಿ ಕಾಗದದ ಹೂ ಕತ್ತರಿಸಲು ಹೋಗಿ, ತಾಯಿಯ ಬಾಯಿಂದ ಕೇಳಬಾರದ್ದನ್ನೆಲ್ಲ ಕೇಳಿದ್ದಳು. ಆ ಮಗಳು ಈಗ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸು. ಇವತ್ತಿಗೂ ಶೆಡ್ಡಿಗೆ ಬಂದರೆ ಆ ಕತ್ತರಿಗೆ ದೂರದಿಂದಲೇ ಒಂದು ನಮಸ್ಕಾರ ಹಾಕುತ್ತಾಳೆ.

ಗಂಡ ಮೆಕ್ಯಾನಿಕ್. ಇವಳು ಮಾತಿನ ಮಲ್ಲಿ, ಅವನು ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೆದರುವ ಜಾತಿ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂಥ ಜೋಡಿ. ಆದರೂ ಸಂಸಾರದ ಗಾಡಿ ಹೇಗೋ ಸಾಗಿತ್ತು. ಹಳೆಯ ಕಾಲದ ಮೋಟರ್‌ಸೈಕಲ್ಲುಗಳೆಂದರೆ ಅವನಿಗೆ ಪ್ರಾಣ. ಮಾಡಿದ ಕಂಪನಿಗಳೇ ಮುಚ್ಚಿಹೋದ ಗಾಡಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಎಂಜಿನ್ನಿನಲ್ಲಿ ಎರಡು ಲೋಹದ ಭಾಗಗಳು ಕೂಡುವಲ್ಲಿ ನಡುವೆ ಒಂದು ತೆಳು ಪದರ ಬೇಕು, ಇಲ್ಲವಾದರೆ ಎಣ್ಣೆ ಸೋರುತ್ತದೆ. ಅದಕ್ಕೆ ಪ್ಯಾಕಿಂಗ್ ಎನ್ನುತ್ತಾರೆ. ಅಂಥ ಮುದಿ ಗಾಡಿಗಳಿಗೆ ಸಿದ್ಧ ಪ್ಯಾಕಿಂಗ್ ಎಲ್ಲಿಂದ ಬರಬೇಕು? ಅವನೇ ಮಾಡುತ್ತಿದ್ದ. ಪ್ಯಾಕಿಂಗ್ ಕಾಗದದ ಗಟ್ಟಿ ಹಾಳೆಯನ್ನು ಲೋಹದ ಅಂಚಿನ ಮೇಲೆ ಹಾಸಿ, ಗುಂಡು ತಲೆಯ ಪುಟ್ಟ ಸುತ್ತಿಗೆಯಿಂದ ಅಂಚಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗುತ್ತಿದ್ದ. ಟಕ್ ಟಕ್ ಟಕ್. ಮೊದಲು ಅಚ್ಚು ಮೂಡುತ್ತದೆ, ಮತ್ತೆ ತಟ್ಟಿದರೆ ಅಂಚಿಗೆ ಸಿಕ್ಕಿ ಕಾಗದ ತಾನಾಗಿ ಬಿಟ್ಟುಕೊಳ್ಳುತ್ತದೆ. ಏಟು ಜೋರಾದರೆ ಅಂಚು ಕೆಡುತ್ತದೆ, ಆಚೀಚೆಯಾದರೆ ಕಾಗದ ಹರಿಯುತ್ತದೆ. ಆ ಟಕ್ ಟಕ್ ಕೇಳುತ್ತಲೇ ಟೈಲರಕ್ಕ ಜೀವಮಾನವಿಡೀ ಯಂತ್ರ ತುಳಿದಿದ್ದಳು. ಅಲ್ಲಿ ಸುತ್ತಿಗೆ ನಿಂತರೆ ಇಲ್ಲಿ ಅವಳ ಕಾಲೂ ನಿಲ್ಲುತ್ತಿತ್ತು.

ಆ ಸದ್ದು ಅಡಗಿ ಬಹಳ ದಿನವಾಗಿತ್ತು. "ಈಗಿನ ಕಾಗದ ಸರಿ ಇಲ್ಲ" ಎಂದ ಮೊದಲು. ಆಮೇಲೆ "ಸುತ್ತಿಗೆ ಹಿಡಿ ಸಡಿಲ ಆಗಿದೆ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ದಿನಕ್ಕೊಂದು ನೆಪ. ಪ್ಯಾಕಿಂಗಿನ ಬದಲು ಟ್ಯೂಬಿನಲ್ಲಿ ಬರುವ ಅಂಟನ್ನು ಮೆತ್ತತೊಡಗಿದ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ, ಕೇಳಿದರೆ "ಚಳಿ" ಎಂದ. ಸುಡು ಬೇಸಿಗೆಯಲ್ಲಿ ಎಂಥ ಚಳಿ? ಅಂಗಿಯ ಗುಂಡಿ ಹಾಕಿಕೊಳ್ಳಲು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅವನ ಕೈ ನಡುಗುತ್ತಿದೆಯೆಂದು ಟೈಲರಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಊರಿಗೆಲ್ಲ ಮುಖಕ್ಕೆ ಹೊಡೆದಂತೆ ಮಾತಾಡುವವಳು ಇದೊಂದನ್ನು ಮಾತ್ರ ಕೇಳಲಾರದೆ ಹೋದಳು. ಕೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂದು ಅವಳಿಗೆ ಭಯ.

ಭಯಕ್ಕೆ ಕಾರಣವಿತ್ತು. ಅವಳ ಅಪ್ಪ ಗಡಿಯಾರ ರಿಪೇರಿಯವರು. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ, ಮನೆಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತರು. ಜೀವಮಾನವಿಡೀ ಊರಿನ ಗಡಿಯಾರಗಳನ್ನು ಸರಿಮಾಡಿಕೊಟ್ಟ ಮನುಷ್ಯ, ಹಾದುಹೋಗುವವರನ್ನೆಲ್ಲ "ಗಂಟೆ ಎಷ್ಟಾಯ್ತಪ್ಪಾ?" ಎಂದು ಕೇಳುತ್ತ ಕೂತರು. ಹೇಳಿಕೊಳ್ಳುವಂಥ ಕಾಯಿಲೆಯೇನೂ ಇರಲಿಲ್ಲ. ಆ ಕುರ್ಚಿಯಲ್ಲಿ ಕೂತು ಕೂತೇ ಸವೆದರು. ಅವರ ಅಂಗಿಗಳನ್ನು ಅವಳು ಮತ್ತೆ ಮತ್ತೆ ಬಿಚ್ಚಿ ಸಣ್ಣದು ಮಾಡಿ ಹೊಲಿಯಬೇಕಾಯಿತು. ಈಗ ಶೆಡ್ಡಿನ ಬಾಗಿಲಲ್ಲೂ ಒಂದು ಕುರ್ಚಿ ಇತ್ತು, ಗಿರಾಕಿಗಳಿಗೆಂದು ಇಟ್ಟದ್ದು. ಮಧ್ಯಾಹ್ನದ ಹೊತ್ತು ಗಂಡ ಅದರಲ್ಲಿ ಹೋಗಿ ಕೂರತೊಡಗಿದ್ದ. ಎರಡೂ ಕೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡು, ಬೀದಿಯಲ್ಲಿ ಹೋಗುವ ಗಾಡಿಗಳನ್ನು ನೋಡುತ್ತ. ಈ ಮನುಷ್ಯ ಒಮ್ಮೆ ಆ ಕುರ್ಚಿಗೆ ಅಂಟಿಕೊಂಡರೆ ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಹೀಗಿರುವಾಗ ಲೆಕ್ಕದ ಮೇಷ್ಟ್ರ ಗಾಡಿ ಮತ್ತೆ ಬಂತು. ಶಾಲೆಯಿಂದ ನಿವೃತ್ತರಾದ ಮೇಷ್ಟ್ರು, ಅವರ ಅಪ್ಪನ ಕಾಲದ ದೊಡ್ಡ ಕರೀ ಮೋಟರ್‌ಸೈಕಲ್ಲು.

"ಏನಪ್ಪಾ, ಇದು ಇನ್ನೂ ಹಾಸಿಗೆ ಒದ್ದೆ ಮಾಡೋದು ಬಿಟ್ಟಿಲ್ವಲ್ಲ!" ಎಂದರು ಮೇಷ್ಟ್ರು ನಗುತ್ತ. "ನಿಲ್ಲಿಸಿದ ಕಡೆಯೆಲ್ಲ ಎಣ್ಣೆ ಗುರುತು. ನಾನು ಎಲ್ಲೆಲ್ಲಿ ಅಲೆದೆ ಅಂತ ನಮ್ಮನೆಯವಳು ನನ್ನ ಕೇಳೋದೇ ಬಿಟ್ಟಿದ್ದಾಳೆ, ರಸ್ತೆ ನೋಡ್ಕೊಂಡು ಬರ್ತಾಳೆ."

"ಬಿಟ್ಟು ಹೋಗಿ ಸಾರ್, ನೋಡ್ತೀನಿ" ಎಂದ ಮೆಕ್ಯಾನಿಕ್, ಕೈಯನ್ನು ಜೇಬಿನಿಂದ ತೆಗೆಯದೆ.

ಈ ಮೊದಲೂ ನೋಡಿದ್ದ, ಒಂದಲ್ಲ ಎರಡು ಸಲ. ಎಂಜಿನ್ನಿನ ಅಡಿಗೆ ಬೋಲ್ಟ್ ಹಾಕಿ ಕೂರಿಸಿದ ತಗಡಿನ ತಟ್ಟೆಯೊಂದಿರುತ್ತದೆ. ಎಣ್ಣೆ ನಿಲ್ಲುವುದು ಅದರಲ್ಲೇ, ಅದಕ್ಕೆ ಆಯಿಲ್ ಪ್ಯಾನ್ ಎಂದು ಹೆಸರು. ಸೋರುತ್ತಿದ್ದದ್ದು ಅದರ ಅಂಚಿನಿಂದ. ಎರಡು ಸಲವೂ ಅಂಟು ಮೆತ್ತಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬೋಲ್ಟುಗಳನ್ನು ಬಿಗಿದಿದ್ದ. ಸೋರುವುದು ಇನ್ನಷ್ಟು ಜಾಸ್ತಿಯಾಗಿತ್ತು.

ಮಾರನೆಯ ಬೆಳಿಗ್ಗೆ ಟೈಲರಕ್ಕ ಬಾಗಿಲು ತೆರೆದು ನೋಡಿದರೆ ಎಣ್ಣೆ ಗೆರೆ ದಾಟಿ ಬಂದಿತ್ತು. ಮಗಳ ಆಸ್ಪತ್ರೆಯವರು ಹೊಲಿಯಲು ಕೊಟ್ಟಿದ್ದ ಬಿಳಿ ಕೋಟೊಂದು ಮೇಜಿನಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅದರ ತೋಳು ಎಣ್ಣೆ ಕುಡಿದು ಕರ್ರಗಾಗಿತ್ತು.

"ರೀ! ಬನ್ನಿ ಇಲ್ಲಿ! ನಿಮ್ಮ ಗಾಡಿ ಮಾಡಿದ ಘನಕಾರ್ಯ ನೋಡಿ! ಎಷ್ಟು ಸಲ ರೀ ಇದನ್ನ ರಿಪೇರಿ ಮಾಡೋದು? ಕೈಲಾಗದಿದ್ರೆ ಕೈಲಾಗಲ್ಲ ಅಂತ ಹೇಳಿ, ಬೇರೆ ಯಾರಿಗಾದ್ರೂ ಕೊಡಲಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಮುಖ ಬಿಳಿಚಿಕೊಂಡಿತು. ಅವಳಿಗೆ ತನ್ನ ನಾಲಿಗೆಯನ್ನು ತಾನೇ ಕಿತ್ತೊಗೆಯಬೇಕು ಎನ್ನಿಸಿತು. ಅವನು ಗಾಡಿಯ ಪಕ್ಕ ನೆಲದಲ್ಲಿ ಕೂತು, ಉಳಿದ ಎಣ್ಣೆ ಇಳಿಸಿ, ಪ್ಯಾನು ಬಿಚ್ಚಿ, ಹಳೆಯ ಅಂಟನ್ನೆಲ್ಲ ಕೆರೆದು ತೆಗೆದ. ಬಹಳ ದಿನಗಳ ಮೇಲೆ ಪ್ಯಾಕಿಂಗ್ ಕಾಗದದ ಹಾಳೆ ಹೊರಬಂತು. ಸುತ್ತಿಗೆಯೂ ಹೊರಬಂತು. ಟೈಲರಕ್ಕ ತಲೆ ಎತ್ತದೆ ಯಂತ್ರ ತುಳಿಯುತ್ತಿದ್ದಳು, ಕಿವಿ ಮಾತ್ರ ಆ ಕಡೆಗೇ. ಟಕ್. ಟಕ್. ಆಮೇಲೆ ಸದ್ದಿಲ್ಲ. ಮತ್ತೆ ಒಂದು ಟಕ್, ಅದರ ಹಿಂದೆಯೇ ಕಾಗದ ಹರಿದ ಸದ್ದು. ಇನ್ನೊಂದು ತುಂಡು ತೆಗೆದ. ಅದೂ ಹರಿಯಿತು. ಮೂರನೆಯದಕ್ಕೆ ಅವನು ಕೈ ಹಾಕಲಿಲ್ಲ. ಸುತ್ತಿಗೆಯನ್ನು ಎಸೆಯಲೂ ಇಲ್ಲ, ಮೆಲ್ಲಗೆ ನೆಲದ ಮೇಲಿಟ್ಟ.

"ಈ ಕಡೆನೂ ಇನ್ನು ನೀನೇ ಇಟ್ಕೋ" ಎಂದ, ಅವಳ ಕಡೆ ನೋಡದೆ. "ಇನ್ನೊಂದು ಮೆಷಿನ್ ಹಾಕ್ಕೋಬಹುದು. ಬಿಡಿಭಾಗ ಸಿಗಲ್ಲ ಅಂತ ಮೇಷ್ಟ್ರಿಗೆ ಹೇಳಿಬಿಡ್ತೀನಿ."

"ನೀವೇನು ಮಾಡ್ತೀರಿ?"

ಅವನು ಬಾಗಿಲ ಕಡೆ ನೋಡಿದ. ಕುರ್ಚಿ ಅಲ್ಲೇ ಇತ್ತು.

ಊಟವಾದ ಮೇಲೆ ಸ್ಪ್ಯಾನರುಗಳನ್ನು ಒಂದೊಂದಾಗಿ ಇಳಿಸಿ ಗೋಣಿಚೀಲಕ್ಕೆ ತುಂಬಿಕೊಂಡ. "ಹಳೇ ಸಾಮಾನಿನವನು ಕೇಳ್ತಿದ್ದ" ಎಂದಷ್ಟೇ ಹೇಳಿ, ಚೀಲ ಹೆಗಲಿಗೇರಿಸಿ ಹೊರಟುಹೋದ. ಯಾವ ಸ್ಪ್ಯಾನರಿನ ಜಾಗ ಯಾವುದೆಂದು ತಿಳಿಯಲು, ಹಲಗೆಯ ಮೇಲೆ ಒಂದೊಂದರ ಸುತ್ತಲೂ ಅವನು ಬಣ್ಣದಲ್ಲಿ ಆಕಾರ ಬರೆದಿಟ್ಟಿದ್ದ. ಈಗ ಬರಿಯ ಆಕಾರಗಳು ಉಳಿದಿದ್ದವು. ಟೈಲರಕ್ಕ ಅವುಗಳನ್ನೇ ನೋಡುತ್ತ ಕೂತಳು. ಅಳು ಬಂದಂತಾಯಿತು, ಆದರೆ ಅಳುವಿಗಿಂತ ಮೊದಲು ಕೋಪ ಬರುವುದು ಅವಳ ಹುಟ್ಟುಗುಣ.

"ಹಾಳಾಗಿಹೋಗ್ಲಿ!" ಎಂದು ಎದ್ದಳು. "ಕಾಗದ ತಾನೆ? ಇಷ್ಟು ವರ್ಷ ಬಟ್ಟೆ ಕತ್ತರಿಸಿದವಳಿಗೆ ಒಂದು ಕಾಗದ ಕತ್ತರಿಸೋಕೆ ಏನು ದಾಡಿ?"

ಗೆರೆ ದಾಟಿದಳು. ಪ್ಯಾನನ್ನು ಚಿಂದಿಬಟ್ಟೆಯಲ್ಲಿ ಮೂರು ಸಲ ಒರೆಸಿ, ತಂದು ತನ್ನ ಮೇಜಿನ ಮೇಲೆ ಕವುಚಿ ಹಾಕಿದಳು. ಕೆಳಗೆ ಹಾಳೆ ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಸುತ್ತಲೂ ಗೀಚಿದಳು. ಬೋಲ್ಟಿನ ತೂತುಗಳಿಗೆ ಚುಕ್ಕಿ ಇಟ್ಟು, ಅಂಚಿನ ಅಗಲ ಅಳೆದು ಒಳಗೆರೆಯನ್ನೂ ಎಳೆದಳು. ಕೆಲಸ ಇಷ್ಟೇ ತಾನೆ ಎನ್ನಿಸಿತು. ಕಾಗದಕ್ಕೆಂದೇ ಇಟ್ಟಿದ್ದ ಸಣ್ಣ ಕತ್ತರಿ ತೆಗೆದರೆ, ಆ ಗಟ್ಟಿ ಹಾಳೆಯ ಮುಂದೆ ಅದು ಹಲ್ಲು ಕಿರಿಯಿತು. ಬ್ಲೇಡು, ಚಾಕು ಎಲ್ಲ ಗಂಡನ ಚೀಲದಲ್ಲಿ ಹೋಗಿದ್ದವು.

ಅವಳ ಕೈ ಕಪ್ಪು ಹಿಡಿಯ ಕತ್ತರಿಯ ಕಡೆ ಹೋಯಿತು. ಹೋಗಿ ನಿಂತಿತು. ಮುದುಕಿಯ ಮಾತು ನೆನಪಾಯಿತು, ಮಗಳಿಗೆ ಬೈದದ್ದೂ ನೆನಪಾಯಿತು. ಆಚೆ ಹಲಗೆಯ ಮೇಲೆ ಖಾಲಿ ಆಕಾರಗಳು ಕಾಣುತ್ತಿದ್ದವು. "ತಪ್ಪಾಯ್ತಮ್ಮಾ" ಎಂದಳು ಸತ್ತ ಮುದುಕಿಗೆ, ಗಟ್ಟಿಯಾಗಿಯೇ. ಕತ್ತರಿ ಹಾಳೆಯನ್ನು ಕಚ್ಚಿದಾಗ ಕರಕರ ಎಂದಿತು. ಆ ಸದ್ದು ಅವಳ ಹಲ್ಲಿನವರೆಗೂ ಹೋಯಿತು. ಆದರೂ ನಿಲ್ಲಿಸಲಿಲ್ಲ.

ಗಂಡ ಸಂಜೆ ಬಂದ. ಚೀಲ ಹೋದಾಗಿನಷ್ಟೇ ಭಾರವಾಗಿ ಹೆಗಲಲ್ಲಿತ್ತು. ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಅವಳ ಮೇಜಿನ ಮೇಲೆ, ಅಂಗಿ ಬಟ್ಟೆ ಹರಡುವ ಜಾಗದಲ್ಲಿ, ಆಯಿಲ್ ಪ್ಯಾನ್!

"ಇದೇನೇ ಇದು?"

"ಪ್ಯಾಕಿಂಗು. ಕಣ್ಣು ಕಾಣಲ್ವಾ?"

ಅವನು ಚೀಲ ಇಳಿಸಿ ಹತ್ತಿರ ಬಂದ. ಗೆರೆಯ ಹತ್ತಿರ ಬಂದಾಗ ಕಾಲು ಅಭ್ಯಾಸಬಲದಿಂದ ನಿಂತಿತು. "ಬನ್ನಿ, ಇವತ್ತು ಗೆರೆ ಇಲ್ಲ" ಎಂದಳು. ಅವನು ಪ್ಯಾಕಿಂಗನ್ನು ಎತ್ತಿ ಪ್ಯಾನಿನ ಅಂಚಿನ ಮೇಲೆ ಇಟ್ಟು ನೋಡಿದ. ಹೊರಗಡೆ ಅರ್ಧ ಬೆರಳು ಜಾಸ್ತಿ. ಒಳಗಡೆಯೂ ಅರ್ಧ ಬೆರಳು ಜಾಸ್ತಿ, ಸುತ್ತಲೂ ಒಂದೇ ಸಮ, ಎಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅವನ ತಲೆ ಬಗ್ಗಿತು, ಭುಜಗಳು ಅಲುಗಾಡತೊಡಗಿದವು. ಅಯ್ಯೋ, ಗಂಡಸು ಅಳುತ್ತಿದ್ದಾನಲ್ಲ ಎಂದು ಅವಳು ಧಾವಿಸಿ ಪಕ್ಕಕ್ಕೆ ಬಂದಳು.

ಅವನು ನಗುತ್ತಿದ್ದ.

"ಲೇ, ಎಂಜಿನ್ನಿಗೂ ಒಳಗೆ ಬಟ್ಟೆ ಬಿಟ್ಟಿದ್ದೀಯಲ್ಲೇ! ಮುಂದೆ ದಪ್ಪ ಆದ್ರೆ ಬಿಚ್ಚಿ ಹೊಲಿಯೋಕಾ?"

ಟೈಲರಕ್ಕ ಬಗ್ಗಿ ನೋಡಿದಳು. ಹೌದು! ಕೈ ತನ್ನ ಪಾಡಿಗೆ ತಾನು ಹಳೆಯ ಅಭ್ಯಾಸದಂತೆ ಅರ್ಧ ಬೆರಳು ಬಿಟ್ಟೇ ಕತ್ತರಿಸಿತ್ತು. ಮುಖ ಕೆಂಪಾದರೂ ಸೋಲಲಿಲ್ಲ. "ಇರಲಿ ಬಿಡಿ. ವಯಸ್ಸಾದ ಗಾಡಿ, ಮೈ ಬಂದ್ರೆ ಬಂತು."

"ಒಳಗೆ ಚಾಚಿದ ಕಾಗದ ಬಿಸಿ ಎಣ್ಣೇಲಿ ನೆಂದು ಚೂರಾಗುತ್ತೆ. ಆ ಚೂರು ಎಣ್ಣೆ ಹೀರೋ ಜಾಲರಿಗೆ ಅಡ್ಡ ಕೂತ್ರೆ ಎಂಜಿನ್ ಒಣಗಿ ಸಾಯುತ್ತೆ, ಮೇಷ್ಟ್ರು ನಡುರಸ್ತೇಲಿ..." ನಗು ಮತ್ತೆ ಉಕ್ಕಿ ಬಂತು. ಅವನು ಹಾಗೆ ನಕ್ಕು ಯಾವ ಕಾಲವಾಗಿತ್ತೋ. ಮೇಜಿಗೆ ಒರಗಿಕೊಂಡು ಕಣ್ಣೊರೆಸಿಕೊಳ್ಳುವಾಗ ಅವನಿಗೆ ಕತ್ತರಿ ಕಂಡಿತು. ಕಪ್ಪು ಹಿಡಿಯ ಕತ್ತರಿ, ಅದರ ಅಲಗಿಗೆ ಅಂಟಿಕೊಂಡ ಕಾಗದದ ಪುಡಿ. ನಗು ನಿಂತುಹೋಯಿತು.

"ಇದ್ರಲ್ಲಿ ಕತ್ತರಿಸಿದ್ಯಾ?"

ಅವಳು ಕತ್ತರಿ ಎತ್ತಿಕೊಂಡು ಅಲಗಿನ ಪುಡಿ ಒರೆಸಿದಳು.

"ನಿನಗೆ ಯಾವಾಗಿಂದ ಗೊತ್ತು?" ಎಂದ ತನ್ನ ಕೈಗಳನ್ನು ನೋಡಿಕೊಳ್ಳುತ್ತ. ಬಹಳ ದಿನಗಳ ಮೇಲೆ ಅವನು ಅವನ್ನು ಅವಳಿಂದ ಬಚ್ಚಿಡಲಿಲ್ಲ.

"ನಿಮಗೆ ಬೇಸಿಗೇಲಿ ಚಳಿ ಶುರುವಾದಾಗಿಂದ."

"ಕೇಳಲಿಲ್ಲ?"

"ಹೆದರಿಕೆ ಆಯ್ತು ರೀ. ನೀವು ಆ ಕುರ್ಚೀಲಿ ಕೂತಾಗೆಲ್ಲ ನನಗೆ ಅಪ್ಪ ಕಾಣ್ತಾರೆ. ನಿಮ್ಮ ಅಂಗಿಗಳನ್ನ ಸಣ್ಣ ಮಾಡಿ ಹೊಲಿಯೋಕೆ ನನ್ನ ಕೈಲಾಗಲ್ಲ. ಬೆಳಿಗ್ಗೆ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ, ಅದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

ಅವನು ಚೀಲದ ಬಾಯಿ ಬಿಚ್ಚಿದ. "ಸಾಮಾನಿನವನ ಅಂಗಡಿ ಮುಂದೆ ನಿಂತೆ, ಒಳಗೆ ಹೋಗೋಕಾಗ್ಲಿಲ್ಲ" ಎಂದ. ಚೀಲದಿಂದ ಸ್ಪ್ಯಾನರುಗಳನ್ನು ತೆಗೆದು ಅವಳ ಕೈಗೆ ಕೊಡುತ್ತ ಹೋದ. ಅವಳು ಒಂದೊಂದನ್ನೂ ಅದರದರ ಆಕಾರದೊಳಗೆ ನೇತುಹಾಕಿದಳು. ಮಗಳ ಆಸ್ಪತ್ರೆಗೆ ಹೋಗಿ ಕೈ ತೋರಿಸುವುದೆಂದು ಮಾತಾಯಿತು. ಅದಕ್ಕೂ ಮೊದಲು ಮೇಷ್ಟ್ರ ಗಾಡಿ ಎಂದೂ ಮಾತಾಯಿತು.

ಮಾರನೆಯ ದಿನ ಬೆಳಕಿನಲ್ಲಿ ಪ್ಯಾನನ್ನು ಎತ್ತಿ ಹಿಡಿದು ನೋಡಿದವಳು ಅವಳೇ. "ಇಲ್ಲಿ ಸುಕ್ಕು ಬಿದ್ದಿದೆಯಲ್ರೀ" ಎಂದಳು. ಒಂದೊಂದು ಬೋಲ್ಟಿನ ತೂತಿನ ಸುತ್ತಲೂ ತಗಡು ಒಳಕ್ಕೆ ಕುಗ್ಗಿತ್ತು, ನಡುವಿನ ಜಾಗ ಉಬ್ಬಿತ್ತು.

"ನನ್ನದೇ ಕೆಲಸ ಅದು. ಎಷ್ಟು ಬಿಗಿ ಆಯ್ತು ಅಂತ ಕೈಗೆ ಗೊತ್ತಾಗ್ತಿರಲಿಲ್ಲ. ಸೋರಬಾರದು ಅಂತ ಇನ್ನಷ್ಟು ಬಿಗಿದೆ, ಅದು ಬಗ್ಗಿ ಇನ್ನಷ್ಟು ಸೋರ್ತು."

"ದಾರ ಅತಿ ಬಿಗಿ ಆದ್ರೆ ಬಟ್ಟೆ ಸುಕ್ಕುಗಟ್ಟಲ್ವಾ, ಹಾಗೇ" ಎಂದಳು. ಹೇಳಿದ ಮೇಲೆ, ಈ ಮಾತು ಬರೀ ತಗಡಿಗಲ್ಲ ಎಂದು ಅವಳಿಗೇ ಅನ್ನಿಸಿತು. ಎಷ್ಟು ದಿನದಿಂದ ಇಬ್ಬರೂ ತುಟಿ ಬಿಗಿದುಕೊಂಡೇ ಓಡಾಡಿದ್ದರು.

ಉಬ್ಬುತಗ್ಗನ್ನು ಹಿಂದಿನಿಂದ ತಟ್ಟಿ ಸಮ ಮಾಡಿದ ಮೇಲೆ, ಉಪ್ಪುಕಾಗದ ಹಾಸಿ ಅಂಚನ್ನು ಉಜ್ಜಬೇಕು. ಅದಕ್ಕೆ ಒಂದಿಷ್ಟೂ ಡೊಂಕಿಲ್ಲದ ಜಾಗ ಬೇಕು. ಶೆಡ್ಡಿನ ನೆಲವೇ ಇಳಿಜಾರು, ಮೇಜಿನ ಹಲಗೆ ಹಳೆಯದು. ಟೈಲರಕ್ಕ ಸೀದಾ ಹೋಗಿ ಗೋಡೆಯಿಂದ ಆಳೆತ್ತರದ ಕನ್ನಡಿಯನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದಳು.

"ಒಡೆದೀತು!" ಎಂದ ಅವನು.

"ಒಡೆದ್ರೆ ಗಿರಾಕಿಗಳು ನಿಮ್ಮ ಬೋಳುತಲೇಲಿ ಮುಖ ನೋಡ್ಕೋತಾರೆ. ಉಜ್ಜಿ."

ಅವನು ಎರಡೂ ಅಂಗೈ ಊರಿ, ಮೈಭಾರ ಹಾಕಿ ಉಜ್ಜಿದ. ಹಾಗೆ ಒತ್ತಿ ಹಿಡಿದಾಗ ಕೈ ನಡುಗಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು. ಅಂಚು ಸುತ್ತಲೂ ಒಂದೇ ಬಣ್ಣಕ್ಕೆ ಬಂದ ಮೇಲೆ ಹಾಳೆ ಹಾಸಿದರು. ಹಾಳೆ ಜರುಗದಂತೆ ಅವನು ಅಂಗೈಯಿಂದ ಒತ್ತಿ ಹಿಡಿದ, ಸುತ್ತಿಗೆ ಅವಳ ಕೈಗೆ ಬಂತು.

"ಮೆಲ್ಲಗೆ. ನೀನು ಹೊಡೀಬೇಡ, ಅದರ ಭಾರಕ್ಕೆ ಅದೇ ಬೀಳಲಿ. ಅಯ್ಯೋ, ಅದೇನು ಚಟ್ನಿ ರುಬ್ತಿದ್ದೀಯಾ? ಮಣಿಕಟ್ಟು ಸಡಿಲ ಬಿಡು. ಹಾಂ. ಅಂಚಿನ ಮೇಲೇ ಕಣೆ, ಅಂಚು! ಸದ್ದು ಕೇಳು, ಅಂಚಿನ ಮೇಲೆ ಬಿದ್ರೆ ಟಕ್ ಅನ್ನುತ್ತೆ, ಆಚೆ ಬಿದ್ರೆ ಠಪ್ ಅನ್ನುತ್ತೆ."

"ಸುತ್ತಿಗೆ ಹಿಡಿದ್ರೆ ನೀವು ಇಷ್ಟು ಮಾತಾಡ್ತೀರಿ ಅಂತ ಗೊತ್ತಿದ್ರೆ ಮದುವೆಯಾದ ದಿನವೇ ಹಿಡೀತಿದ್ದೆ" ಎಂದಳು ಟೈಲರಕ್ಕ.

ಮೊದಲನೆಯ ಪ್ಯಾಕಿಂಗ್ ಹರಿಯಿತು, ಬೈಸಿಕೊಂಡಳು. ಎರಡನೆಯದು ಮೂಲೆಯಲ್ಲಿ ಹರಿಯಿತು, ಅವಳೇ ಸುತ್ತಿಗೆಗೆ ಬೈದಳು. ಆಮೇಲಿನದು ಅಂಚಿನಿಂದ ತಾನಾಗಿ ಬಿಟ್ಟುಕೊಂಡು ಇಡಿಯಾಗಿ ಕೈಗೆ ಬಂತು, ಎಲ್ಲೂ ಅರ್ಧ ಬೆರಳಿನ ದಾನಧರ್ಮವಿಲ್ಲದೆ. ಬೋಲ್ಟು ಬಿಗಿದವಳೂ ಅವಳೇ. ಒಂದು ಬಿಗಿದರೆ ಮುಂದಿನದು ಅದರ ಎದುರಿನದು, ಎಲ್ಲವನ್ನೂ ಚೂರು ಚೂರೇ. ಅವಳು ಇನ್ನೊಂದು ಸುತ್ತು ತಿರುಗಿಸಲು ಹೋದಾಗಲೆಲ್ಲ ಅವನು ಅವಳ ಮಣಿಕಟ್ಟು ಮುಟ್ಟಿ "ಸಾಕು" ಎಂದ.

ಎಣ್ಣೆ ತುಂಬಿ, ಎಂಜಿನ್ ಬಿಸಿ ಮಾಡಿ ಆರಿಸಿದ ಮೇಲೆ, ಹಾಳಾಗಿದ್ದ ಬಿಳಿ ಕೋಟಿನ ಬೆನ್ನನ್ನು ಬಿಚ್ಚಿ ಗಾಡಿಯ ಅಡಿಗೆ ಹಾಸಿದಳು. ಒಂದು ಹನಿ ಬಿದ್ದರೂ ತಿಳಿಯಬೇಕು. ಬಾಗಿಲು ಹಾಕುವಾಗ ತಗ್ಗಿದ ದನಿಯಲ್ಲಿ ಹೇಳಿದಳು: "ಮೇಷ್ಟ್ರ ಹತ್ರ ಬಾಯಿ ಬಿಡಬೇಡಿ. ಯಾರು ಮಾಡಿದ್ರೆ ಅವರಿಗೇನು? ನಿಮ್ಮ ಕೈ ವಿಷಯ ಹೊರಗೆ ಹೋದ್ರೆ ಒಬ್ಬರೂ ಗಾಡಿ ತರಲ್ಲ." ಅವನು ಬೀಗ ಜಗ್ಗಿ ನೋಡಿ ಮುಂದೆ ನಡೆದ.

ಬೆಳಿಗ್ಗೆ ಮೇಷ್ಟ್ರು ಬರುವ ಹೊತ್ತಿಗೆ ಬಟ್ಟೆ ಹಾಸಿದ ಹಾಗೇ ಇತ್ತು, ಬೆಳ್ಳಗೆ. ಮೇಷ್ಟ್ರು ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ, ಎಂಜಿನ್ನಿನ ಅಡಿಗೆ ಬೆರಳಾಡಿಸಿ ನೋಡಿದರು. ಬೆರಳು ಒಣಗಿಯೇ ಇತ್ತು.

"ಭಲೇ! ಕೈ ಅಂದ್ರೆ ನಿನ್ನ ಕೈ ಕಣಪ್ಪಾ!" ಎಂದು ಎದ್ದು, ಕೈಕುಲುಕಲು ಕೈ ಚಾಚಿದರು.

ಮೆಕ್ಯಾನಿಕ್ಕಿನ ಕೈ ಜೇಬಿನಲ್ಲಿತ್ತು. ಟೈಲರಕ್ಕ ಯಂತ್ರವನ್ನು ಜೋರಾಗಿ ತುಳಿಯತೊಡಗಿದಳು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ, ಅದು ಅವಳಿಗೆ ಗೊತ್ತಾಗಲೂ ಇಲ್ಲ. ಏನಾದರೂ ನೆಪ ಹೇಳಿ, ಕೈಗೆ ಗ್ರೀಸಾಗಿದೆ ಎನ್ನಿ ಎಂದು ಒಳಗೊಳಗೇ ಬೇಡಿಕೊಂಡಳು.

ಅವನು ಜೇಬಿನಿಂದ ಕೈ ತೆಗೆದ. ಹಗಲು ಬೆಳಕಿನಲ್ಲಿ, ಮೇಷ್ಟ್ರ ಕಣ್ಣೆದುರೇ ಅದು ನಡುಗಿತು.

"ನನ್ನ ಕೈ ಹೀಗಾಗಿದೆ ಸಾರ್. ಪ್ಯಾಕಿಂಗ್ ಮಾಡಿದ್ದು ಇವಳು, ಬೋಲ್ಟ್ ಬಿಗಿದಿದ್ದೂ ಇವಳೇ. ಬೈದದ್ದು ಮಾತ್ರ ನಾನು."

ಯಂತ್ರ ನಿಂತಿತು. ಮೇಷ್ಟ್ರು ಆ ಕೈಯನ್ನು ಹಿಡಿದುಕೊಂಡರು, ಕುಲುಕಲಿಲ್ಲ, ಬೇಗ ಬಿಡಲೂ ಇಲ್ಲ. ಅಯ್ಯೋ ಪಾಪ ಎನ್ನುವವರಲ್ಲ ಅವರು. ಅವನ ಮುಖ ನೋಡಿದರು, ಅವಳ ಮುಖ ನೋಡಿದರು.

"ನಮ್ಮ ತಮ್ಮನ ಹತ್ರ ಇದಕ್ಕಿಂತ ಮುದಿ ಗಾಡಿ ಒಂದಿದೆ, ಅದೂ ಸೋರುತ್ತೆ" ಎಂದರು. "ತಂದ್ರೆ ಇನ್ನು ಮೇಲೆ ಯಾವ ಕಡೆ ನಿಲ್ಲಿಸೋಕೆ ಹೇಳಲಿ?"

"ಆ ಕಡೆನೇ!" ಎಂದು ಟೈಲರಕ್ಕ ಕೂತಲ್ಲಿಂದಲೇ ಕೂಗಿದಳು. "ಎಣ್ಣೆ ಈ ಕಡೆ ಬಂದ್ರೆ ನಿಮ್ಮ ತಮ್ಮನ್ನೂ ಬಿಡಲ್ಲ, ಗಾಡಿನೂ ಬಿಡಲ್ಲ!"

ಗಾಡಿ ಬೀದಿ ತಿರುಗಿ ಸದ್ದು ಮರೆಯಾದ ಮೇಲೆ, ಹಾಳಾದ ಕೋಟಿಗೆ ಬದಲಿ ಕೋಟು ಕತ್ತರಿಸಲು ಅವಳು ಬಟ್ಟೆ ಹರಡಿದಳು. ಕಪ್ಪು ಹಿಡಿಯ ಕತ್ತರಿ ಬಟ್ಟೆಯನ್ನು ಕತ್ತರಿಸಲಿಲ್ಲ, ಜಗಿಯಿತು. ಅಂಚೆಲ್ಲ ನೂಲು ನೂಲಾಯಿತು. ಮುದುಕಿ ಹೇಳಿದ ಹಾಗೆಯೇ ಅದರ ಬಾಯಿ ಸತ್ತಿತ್ತು. ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಟೈಲರಕ್ಕ ಅತ್ತಳು. ಇಷ್ಟು ದಿನ ತಡೆದದ್ದೆಲ್ಲ ಒಟ್ಟಿಗೇ ಬಂತು.

ಅವನು ಗೆರೆಯ ಆಚೆ ಬಂದು ನಿಂತ. "ಕತ್ತರಿಗೆ ಅಳ್ತಿದ್ದೀಯಾ?"

"ಮತ್ತೆ ಇನ್ಯಾರಿಗೆ ಅಳಲಿ?"

"ಎದ್ದೇಳು, ಸಾಣೆ ಹಿಡಿಯೋಣ. ಕತ್ತರಿ ನೀನು ಹಿಡ್ಕೋ, ಚಕ್ರ ನಾನು ತಿರುಗಿಸ್ತೀನಿ. ಅದಕ್ಕೆ ಕೈ ನಡುಗಿದ್ರೂ ನಡೆಯುತ್ತೆ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಸಾಣೆ ಚಕ್ರ ತಗ್ಗಿನಲ್ಲಿತ್ತು, ಕೂತೇ ತಿರುಗಿಸಬೇಕು. ಬಾಗಿಲಿಗೆ ಹೋಗಿ, ಅಲ್ಲಿದ್ದ ಕುರ್ಚಿಯನ್ನು ಎತ್ತಿ ತಂದು ಚಕ್ರದ ಮುಂದೆ ಹಾಕಿದಳು. ಅವನು ಅದರಲ್ಲಿ ಕೂತು ಚಕ್ರ ತಿರುಗಿಸತೊಡಗಿದ.